ಎಣ್ಣೆಯ ಹೊಳಪನ್ನು ಗೀರೆಂದು ತಿಳಿದ ಕ್ಯಾಮೆರಾ

ಪೀಣ್ಯದ ನಮ್ಮ ಸಣ್ಣ ಲೇತ್ ಕಾರ್ಖಾನೆಯಲ್ಲಿ, ಯಂತ್ರಗಳಿಗೆ ಹಾಕುವ ಲೋಹದ ಸಣ್ಣ ಕೊಳವೆಗಳಾದ ಬುಷ್‌ಗಳ ಮೇಲಿನ ಗೀರುಗಳನ್ನು ಗುರುತಿಸಲೆಂದು ಕೃತಕ ಬುದ್ಧಿಮತ್ತೆಯ ಕ್ಯಾಮೆರಾವೊಂದನ್ನು ಪ್ರಯೋಗಕ್ಕೆ ಅಳವಡಿಸಿದಾಗ, ಅದು ಮೊದಲ ದಿನವೇ ಒಳ್ಳೆಯ ಬುಷ್‌ಗಳನ್ನೂ ರಿಜೆಕ್ಟ್ ಎಂದು ತೋರಿಸತೊಡಗಿತು. ಪುಣ್ಯಕ್ಕೆ ಅದರ ತೀರ್ಪನ್ನು ಯಂತ್ರಕ್ಕೆ ಜೋಡಿಸಿರಲಿಲ್ಲ. ಅಂತಿಮ ಮಾತು ನಮ್ಮ ಹಿರಿಯ ತಪಾಸಣೆಗಾರರದ್ದೇ ಆಗಿತ್ತು. ಅವರು ರಿಜೆಕ್ಟಾದ ಬುಷ್‌ಗಳನ್ನು ಒಂದೊಂದಾಗಿ ಬನಿಯನ್ ಬಟ್ಟೆಯಿಂದ ಒರೆಸಿ ಮತ್ತೆ ಇಟ್ಟಾಗ ಬಹುಪಾಲು ಪಾಸಾದವು. ಗೀರಿನಂತೆ ಕಂಡದ್ದು, ಲೋಹ ಕೊರೆಯುವಾಗ ಬಿಸಿ ತಗ್ಗಿಸಲು ಸುರಿದು ಮೇಲೆ ಉಳಿದಿದ್ದ ಕೂಲಂಟ್ ಎಣ್ಣೆಯಲ್ಲಿ ಟ್ಯೂಬ್‌ಲೈಟಿನ ಪ್ರತಿಫಲನ. ದೀಪಕ್ಕೆ ಹಾಲುಬಣ್ಣದ ಅಕ್ರಿಲಿಕ್ ಹಾಳೆಯನ್ನು ಅಡ್ಡವಿಟ್ಟು, ಎಣ್ಣೆ ಮೆತ್ತಿದ ಒಳ್ಳೆಯ ಬುಷ್‌ಗಳ ಚಿತ್ರಗಳನ್ನೂ ಸೇರಿಸಿ, ನಮ್ಮದೇ ಕಂಪ್ಯೂಟರಿನಲ್ಲಿ ಮತ್ತೆ ತರಬೇತಿ ಕೊಟ್ಟೆವು. ಹೀಗೆ ಗ್ರಾಹಕರ ಬಿಡಿಭಾಗದ ಡ್ರಾಯಿಂಗ್ ಹೊರಗೆ ಹೋಗಲು ಬಿಡಲಿಲ್ಲ. ಈಗ ತಪ್ಪು ರಿಜೆಕ್ಟ್ ಅಪರೂಪ. ಆದರೂ ನಿಜವಾಗಿ ಗೀರಿರುವ 5 ಬುಷ್‌ಗಳನ್ನು ಪ್ರತಿದಿನ ಬೆಳಿಗ್ಗೆ ಗುಟ್ಟಾಗಿ ಬೆರೆಸಿ ನೋಡುತ್ತೇವೆ. ಒಂದು ತಪ್ಪಿದರೂ ಆ ದಿನ ಕ್ಯಾಮೆರಾಗೆ ರಜೆ.