ಉಡುಪಿ ಮಲ್ಲಿಗೆಯನ್ನು ಮಳೆಗಾಲ ದಾಟಿಸುವ ಬಗೆ

ಉಡುಪಿ ಜಿಲ್ಲೆಯ ಶಂಕರಪುರ, ಶಿರ್ವ, ಬೆಳ್ಮಣ್ ಸುತ್ತಲಿನ ಹಿತ್ತಿಲುಗಳಲ್ಲಿ ಬೆಳೆಯುವ, ಶಂಕರಪುರ ಮಲ್ಲಿಗೆಯೆಂದೂ ಕರೆಸಿಕೊಳ್ಳುವ ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ಜಾಸ್ಮಿನಮ್ ಸಂಬ್ಯಾಕ್ ಜಾತಿಗೆ ಸೇರಿದ ಪೊದೆ. ಇದರ ಗೆಲ್ಲನ್ನು ಬೇರು ಹಿಡಿಸುವುದು ಕಷ್ಟದ ಕೆಲಸವಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಕರಾವಳಿಯಲ್ಲಿ ಅದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಳಿಸಿಕೊಳ್ಳುವುದೇ ಕಷ್ಟ. ಆದ್ದರಿಂದ ಮುಂದೆ ಹೇಳುವ ಮಾತುಗಳಲ್ಲಿ ಹೆಚ್ಚಿನವು ಬುಡದ ನೀರಿಗೆ ಸಂಬಂಧಿಸಿದವು.

ಮೊದಲು ಜಾಗ. ನಮ್ಮ ಕಡೆ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುತ್ತಾರಷ್ಟೆ; ಮಲ್ಲಿಗೆಗೆ ಬೇಕಾದದ್ದು ಬೆಟ್ಟಿನಂಥ ಎತ್ತರದ, ಇಡೀ ದಿನ ಬಿಸಿಲು ಬೀಳುವ ನೆಲ. ತೆಂಗಿನ ಮರದ ನೆರಳಿನಲ್ಲಿ ಗಿಡ ಹಸಿರಾಗಿ, ಸೊಂಪಾಗಿ ಬೆಳೆಯುತ್ತದೆ, ಹೂವು ಮಾತ್ರ ಬಿಡುವುದಿಲ್ಲ. ಜಾಗ ಸರಿಯಿದೆಯೇ ಎಂದು ತಿಳಿಯಲು ಜೋರು ಮಳೆ ನಿಂತ ಅರ್ಧ ಗಂಟೆಯ ನಂತರ ಅಲ್ಲಿಗೆ ಹೋಗಿ ನೋಡಿ: ನೀರು ಇನ್ನೂ ನಿಂತಿದ್ದರೆ ಅಲ್ಲಿ ಗುಂಡಿ ತೆಗೆಯಬೇಡಿ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಅಗೆದ ಗುಂಡಿಯೇ ಒಂದು ಪುಟ್ಟ ಬಾವಿಯಾಗಿ, ಮೇಲ್ಮಣ್ಣು ಒಣಗಿದಂತೆ ಕಂಡರೂ ತಳದಲ್ಲಿ ನೀರು ಹಿಡಿದಿಟ್ಟುಕೊಳ್ಳುವುದುಂಟು. ಇದನ್ನು ತಿಳಿಯದೆ ನಾನು ಮೊದಲ ವರ್ಷ ನೆಟ್ಟ ಬುಡಗಳಲ್ಲಿ ಅರ್ಧದಷ್ಟನ್ನು ಜುಲೈ-ಆಗಸ್ಟ್‌ನ ಆಟಿ ತಿಂಗಳಿನಲ್ಲೇ ಕಳೆದುಕೊಂಡೆ.

ಗೆಲ್ಲು ಆಯುವಾಗ ತೀರ ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ, ಒಂದು ಗೇಣಿಗಿಂತ ತುಸು ಚಿಕ್ಕ ತುಂಡನ್ನು ಗಂಟಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮರಳು ಬೆರೆಸಿದ ಮಣ್ಣಿನ ಚೀಲದಲ್ಲಿ ನೆರಳಿನಲ್ಲಿಡಬೇಕು. ಬೇರು ಬಿಟ್ಟ ಗಿಡವನ್ನು ನೆಡುವುದಕ್ಕೆ ಹಲವರು ಮಳೆಯ ಆರಂಭವನ್ನೇ ಆರಿಸುತ್ತಾರೆ. ನನ್ನ ಮಟ್ಟಿಗೆ ಮಳೆಯ ಜೋರು ಇಳಿದ ಸೆಪ್ಟೆಂಬರ್ ಕೊನೆಯೇ ವಾಸಿ, ಏಕೆಂದರೆ ಮುಂದಿನ ಮಳೆಗಾಲದ ಹೊತ್ತಿಗೆ ಬೇರು ಗಟ್ಟಿಯಾಗಿರುತ್ತದೆ. ಒಂದೂವರೆ ಅಡಿಯ ಗುಂಡಿಗೆ ಮೇಲ್ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ಹಟ್ಟಿಗೊಬ್ಬರವನ್ನು ತುಂಬಿ, ಅದು ನೆಲಮಟ್ಟಕ್ಕಿಂತ ಮುಕ್ಕಾಲು ಅಡಿ ಎತ್ತರದ ದಿಬ್ಬವಾಗುವಂತೆ ಮಾಡಿ, ಗಿಡವನ್ನು ಅದರ ನೆತ್ತಿಯಲ್ಲಿ ನೆಡಬೇಕು. ಗಿಡದಿಂದ ಗಿಡಕ್ಕೆ ಕನಿಷ್ಠ 4 ಅಡಿ ಅಂತರವಿರಲಿ. ಬೇಸಿಗೆಯಲ್ಲಿ ನೀರು ಹಿಡಿಯಲು ಮಾಡಿದ ಪಾತಿಯನ್ನು ಮೇ ಕೊನೆಯಲ್ಲಿ ಮರೆಯದೆ ಒಡೆದು, ಎರಡು ಸಾಲುಗಳ ನಡುವೆ ನೀರು ಹರಿದುಹೋಗಲು ಕಣಿ ತೆಗೆಯಬೇಕು.

ಗೊಬ್ಬರದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ನೆಲಗಡಲೆ ಹಿಂಡಿಯನ್ನು ಮೂರು ನಾಲ್ಕು ದಿನ ನೆನೆಸಿ, ತೆಳ್ಳಗೆ ಮಾಡಿ ಬುಡದಿಂದ ತುಸು ದೂರಕ್ಕೆ ಹೊಯ್ದರೆ ಗಿಡ ಚಿಗುರುತ್ತದೆ, ನೆರೆಮನೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ಇಲ್ಲಿನ ಮಣ್ಣು ಹುಳಿಯಾದ್ದರಿಂದ ವರ್ಷಕ್ಕೊಮ್ಮೆ ಸ್ವಲ್ಪ ಸುಣ್ಣ ಬೇಕು, ಆದರೆ ಅದನ್ನು ಗೊಬ್ಬರದ ಜೊತೆಗೇ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ; ಎರಡರ ನಡುವೆ ಎರಡು ಮೂರು ವಾರ ಬಿಡುವುದು ಒಳ್ಳೆಯದು.

ಮಲ್ಲಿಗೆಯ ಮೊಗ್ಗು ಹಳೆಯ ಕಡ್ಡಿಯಲ್ಲಿ ಬರುವುದಿಲ್ಲ, ಹೊಸ ಚಿಗುರಿನ ತುದಿಯಲ್ಲಿ, ಹೆಚ್ಚಾಗಿ ಮೂರರ ಗೊಂಚಲಾಗಿ ಬರುತ್ತದೆ. ಸವರುವುದರ ಗುಟ್ಟು ಇಷ್ಟೇ: ಹೆಚ್ಚು ತುದಿಗಳಿದ್ದಲ್ಲಿ ಹೆಚ್ಚು ಹೂವು. ನವೆಂಬರ್ ಕೊನೆಯಲ್ಲಿ, ಕೆಲವು ದಿನ ನೀರು ನಿಲ್ಲಿಸಿದ ಬಳಿಕ, ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಇಡೀ ಪೊದೆಯನ್ನು ಸವರಿ, ಒಣ ಕಡ್ಡಿಗಳನ್ನೂ ಒಳಗೆ ಹೆಣೆದುಕೊಂಡ ಗೆಲ್ಲುಗಳನ್ನೂ ತೆಗೆಯಬೇಕು. ಎದುರುಬದುರಾಗಿ ಎರಡು ಎಲೆ ಹುಟ್ಟುವ ಗಂಟಿನ ತುಸು ಮೇಲೆ ಓರೆಯಾಗಿ ಕತ್ತರಿಸಿದರೆ, ಒಂದಿದ್ದ ಕಡ್ಡಿಯಿಂದ ಎರಡು ಚಿಗುರು ಹೊರಡುತ್ತವೆ. ಹೊಸಬರು ಕನಿಕರಪಟ್ಟು ತುದಿಗಳನ್ನಷ್ಟೇ ಕತ್ತರಿಸಿ ಬಿಡುತ್ತಾರೆ. ಅಂಥ ಗಿಡ ಎತ್ತರಕ್ಕೆ ಹೋಗಿ, ನಡು ಬೋಳಾಗಿ, ಮಳೆಗಾಲದಲ್ಲಿ ಗಾಳಿಯಾಡದೆ ಎಲೆಚುಕ್ಕೆ ರೋಗ ಹಿಡಿಸಿಕೊಳ್ಳುತ್ತದೆ.

ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಬುಡದ ಬಳಿ ಕುಳಿತು ನೋಡಬೇಕು. ಮಣ್ಣಿಗೆ ತಾಗಿದ ಕಾಂಡದ ಸುತ್ತ ಬಿಳಿ ನೂಲಿನಂಥ ಬೂಷ್ಟು, ಅದರ ನಡುವೆ ಸಾಸಿವೆ ಕಾಳಿನಂಥ ಕಂದು ಉಂಡೆಗಳು ಕಂಡರೆ ಅದು ಬುಡ ಕೊಳೆಯುವ ಸೊರಗು ರೋಗ. ಆ ಗಿಡದ ಆಸೆ ಬಿಟ್ಟು, ಬುಡದ ಮಣ್ಣಿನ ಸಮೇತ ಕಿತ್ತು ದೂರ ಸಾಗಿಸಬೇಕು, ಏಕೆಂದರೆ ಆ ಉಂಡೆಗಳು ಮಣ್ಣಿನಲ್ಲೇ ಉಳಿದು ಮತ್ತೆ ಮೊಳೆಯುತ್ತವೆ. ಉಳಿದ ಗಿಡಗಳಿಗೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸಿ ಬೆಳೆಸಿದ ಹಟ್ಟಿಗೊಬ್ಬರವನ್ನು ಮಳೆಗೆ ಮುಂಚೆಯೇ ಕೊಟ್ಟಿರಬೇಕು. ರೋಗ ಬಂದ ಮೇಲೆ ಅದರಿಂದ ಅಷ್ಟು ಪ್ರಯೋಜನವಿಲ್ಲ. ಮೊಗ್ಗಿನಲ್ಲಿ ತೂತಿದ್ದು, ಅಕ್ಕಪಕ್ಕದ ಮೊಗ್ಗುಗಳು ಬಲೆಯಿಂದ ಅಂಟಿಕೊಂಡಿದ್ದರೆ ಅದು ಮೊಗ್ಗು ಕೊರೆಯುವ ಹುಳದ ಕೆಲಸ. ಮೊಗ್ಗಿನ ಬುಡ ಉಬ್ಬಿ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಅದು ಮೊಗ್ಗುನೊಣದ ಬಾಧೆ. ಇದರ ಮರಿ ಮಣ್ಣಿಗಿಳಿದು ಕೋಶ ಕಟ್ಟುವುದರಿಂದ ಬುಡದ ಮಣ್ಣನ್ನು ಮೇಲುಮೇಲೆ ಕೆದಕಿ ಬಿಸಿಲಿಗೆ ಒಡ್ಡಬೇಕು. ಎರಡಕ್ಕೂ ಕೆಟ್ಟ ಮೊಗ್ಗುಗಳನ್ನು ಕಿತ್ತು ಸುಡುವುದು ಮತ್ತು ಬೇವಿನೆಣ್ಣೆಯ ದ್ರಾವಣ ಸಿಂಪಡಿಸುವುದು ಮೊದಲ ಮದ್ದು.

ಸಂಜೆ ಅರಳಬೇಕಾದ ಮೊಗ್ಗನ್ನು ಬೆಳಕು ಹರಿಯುವ ಹೊತ್ತಿಗೇ ಕೊಯ್ಯಬೇಕು. ಹಸಿರು ಛಾಯೆ ಪೂರ್ತಿ ಹೋಗಿ ಹಾಲಿನಂತೆ ಬೆಳ್ಳಗಾದ, ಆದರೆ ತುದಿ ಇನ್ನೂ ಬಿಗಿಯಾಗಿರುವ ಮೊಗ್ಗೇ ಆ ದಿನದ್ದು. ಹಸಿರು ಉಳಿದದ್ದು ನಾಳೆಯದು. ಮಾರುಕಟ್ಟೆಗೆ ಕೊಡುವವರು ಬಾಳೆಯ ನಾರಿನಲ್ಲಿ ಕಟ್ಟಿ ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಕೊಡುತ್ತಾರೆ: ಒಂದು ಚೆಂಡಿಗೆ ಸುಮಾರು 800 ಮೊಗ್ಗು, 4 ಚೆಂಡಿಗೆ ಒಂದು ಅಟ್ಟೆ. ಮಳೆಗಾಲದಲ್ಲಿ ಹೂವು ಕಡಿಮೆಯಾಗಿ ದರ ಏರುವುದರಿಂದ ಕೊಯ್ದದ್ದನ್ನು ಕೂಡಲೇ ಕಟ್ಟುವ ಆತುರವಾಗುತ್ತದೆ. ಆದರೆ ಒದ್ದೆ ಮೊಗ್ಗು ಕಟ್ಟಿನೊಳಗೆ ಮಧ್ಯಾಹ್ನದೊಳಗೇ ಕಂದುವುದರಿಂದ, ಮೊದಲು ಅದನ್ನು ಹತ್ತಿಯ ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಮೇಲಿನ ನೀರು ಆರಿದ ಮೇಲೆಯೇ ನಾರನ್ನು ಕೈಗೆತ್ತಿಕೊಳ್ಳಬೇಕು.