ಹಳೆಯ ಜಿಪ್ಸಿಯ ಗೇರ್ ರಾಡ್ ಲಟಪಟ: ಬಾಕ್ಸ್ ಇಳಿಸುವ ಮುಂಚೆ

ಬೆಳಗಾವಿ ಕಡೆ ಮಾರುತಿ ಜಿಪ್ಸಿಯನ್ನು ರ‍್ಯಾಲಿಯ ಹುಚ್ಚಿಗೋ ಖಾನಾಪುರದ ಕಾಡುದಾರಿಗೋ ಇಟ್ಟುಕೊಂಡವರಿದ್ದಾರೆ. ಗೇರ್ ರಾಡ್ ಅಲ್ಲಾಡತೊಡಗಿದರೆ ಗ್ಯಾರೇಜಿನಲ್ಲಿ ಕೇಳುವ ಮೊದಲ ಮಾತು, "ಬಾಕ್ಸ್ ಇಳಿಸಬೇಕ್ರಿ", ಅಂದರೆ ಗೇರ್‌ಬಾಕ್ಸನ್ನೇ ಗಾಡಿಯಿಂದ ಬಿಚ್ಚಿ ಕೆಳಗಿಳಿಸುವುದು. ನಾನು ಅದಕ್ಕೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. 1.3 ಲೀಟರ್ ಎಂಜಿನ್ನಿನ ಐದು ಗೇರಿನ ಗಾಡಿಯನ್ನು ನೋಡುವ ಕ್ರಮ ಹೀಗೆ.

ಎಂಜಿನ್ ಬಂದ್, ಹ್ಯಾಂಡ್‌ಬ್ರೇಕ್ ಬಿಗಿ, ನ್ಯೂಟ್ರಲ್. ರಾಡಿನ ತಲೆಯ ಗುಬುಟು ಸಡಿಲವಿದೆಯೇ ಎಂದು ತಿರುವಿ ನೋಡಿ. ಎಷ್ಟೋ ಸಲ ಅಷ್ಟೇ ಇರುತ್ತದೆ. ಆಮೇಲೆ ರಾಡನ್ನು ಎಡಬಲಕ್ಕೆ ದೂಡಿ ಬಿಟ್ಟರೆ ಅದು ತಾನಾಗಿಯೇ ಮೂರು–ನಾಲ್ಕರ ಸಾಲಿಗೆ ಬಂದು ನಿಲ್ಲಬೇಕು. ಈಗ ಮೇಲಕ್ಕೆ ಎಳೆದು ಕೆಳಗೆ ಒತ್ತಿ. ಟಕ್ ಟಕ್ ಅಂದರೆ ರಾಡಿನ ಗುಂಡು ಕೂರುವ ನೈಲಾನ್ ಸೀಟು ಸವೆದಿದೆ. ಮೇಲೆ-ಕೆಳಗೆ ಬಿಗಿ ಇದ್ದು ಅಡ್ಡಕ್ಕೆ ಮಾತ್ರ ಆಡಿದರೆ ರಾಡಿನ ಕೆಳತುದಿಗೆ ತೊಡಿಸಿದ ಬಳೆಯಂಥ ಬುಷ್ ಮೇಲೆ ಅನುಮಾನ ಇಡಿ.

ನಿಂತಾಗ ಎಲ್ಲ ಸರಿ, ಆಕ್ಸಲರೇಟರ್ ಒತ್ತಿ ಬಿಟ್ಟಾಗ ಮಾತ್ರ ರಾಡ್ ಹಿಂದೆ-ಮುಂದೆ ಜಿಗಿಯುತ್ತದೆಯೇ? ರಾಡ್ ನೇರ ಗೇರ್‌ಬಾಕ್ಸಿನ ಮೇಲೆಯೇ ಕೂತಿರುವುದರಿಂದ, ಬಾಕ್ಸ್ ಆಡಿದರೆ ರಾಡೂ ಆಡುತ್ತದೆ. ಅಲ್ಲಿ ಬುಷ್ ಬದಲಿಸಿ ಪ್ರಯೋಜನವಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಗಾಡಿಗೆ ಹಿಡಿದಿಡುವ ಮೌಂಟಿಂಗಿನ ರಬ್ಬರ್ ಬಿರುಕು ಬಿಟ್ಟಿದೆಯೇ ನೋಡಿ. ನಾಲ್ಕೂ ಚಕ್ರಕ್ಕೆ ಎಳೆತ ಕೊಡಲು ಪಕ್ಕದಲ್ಲಿರುವ ಫೋರ್ ವೀಲ್ ರಾಡನ್ನೂ ಒಮ್ಮೆ ಕೈಯಲ್ಲಿ ಹಿಡಿದು ಗಾಡಿ ಓಡಿಸಿ ನೋಡಿ. ಅದರ ಗಿರಗಿರ ಸದ್ದನ್ನು ಇದರ ತಲೆಗೆ ಕಟ್ಟುವುದುಂಟು.

ಸೀಟು-ಬುಷ್ ಬದಲಿಸಲು ಬಾಕ್ಸ್ ಇಳಿಸಬೇಕಿಲ್ಲ. ಮೊದಲು ಸುತ್ತಲಿನ ಧೂಳನ್ನು ಬ್ರಶ್ಶಿನಿಂದ ಕೊಡವಿ ಒರೆಸಿ. ಕಬ್ಬಿನ ಹಂಗಾಮಿನಲ್ಲಿ ಹೊಲದ ದಾರಿ ತಿರುಗಿದ ಗಾಡಿಯಾದರೆ ರಾಡಿನ ಬುಡಕ್ಕೆ ಹೊದಿಸಿದ ಬೂಟಿನ ಕೆಳಗೆ ಮಣ್ಣಿನ ಹೆಂಟೆಯೇ ಸಿಗುತ್ತದೆ. ಹೊರಗಿನ ಬೂಟು ಬಿಚ್ಚಿ, ಒಳಗಿನ ರಬ್ಬರ್ ಬೂಟು ಮೇಲೆತ್ತಿ. ರಾಡಿನ ಬುಡದ ಮುಚ್ಚಳವನ್ನು ಕೆಳಕ್ಕೆ ಒತ್ತಿಹಿಡಿದು ಎಡಕ್ಕೆ ತಿರುವಿದರೆ ರಾಡ್ ಸಮೇತ ಹೊರಬರುತ್ತದೆ. ತೂತಿಗೆ ತಕ್ಷಣ ಸ್ವಚ್ಛ ಬಟ್ಟೆ ಹಾಕಿ. ಹಳೆಯ ಸೀಟು ಒಡೆದಿದ್ದರೆ ತುಂಡುಗಳನ್ನು ಜೋಡಿಸಿ ನೋಡಿ, ಒಂದು ಕಡಿಮೆ ಬಿದ್ದರೆ ಅದು ಬಾಕ್ಸಿನೊಳಗಿದೆ ಎಂದೇ ತಿಳಿದು ಹುಡುಕಿ.

ಸಿದ್ಧ ಭಾಗ ಸಿಗದಿದ್ದರೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಲೇಥಿನಲ್ಲಿ ನೈಲಾನ್ ಸೀಟು ಮಾಡಿಸಬಹುದು. ಸವೆದದ್ದನ್ನು ಅಳತೆಗೆ ಕೊಡಬೇಡಿ. ಗುಂಡನ್ನೂ ಅದು ಕೂರುವ ಗುಳಿಯನ್ನೂ ಅಳೆಸಿ. ಹಿತ್ತಾಳೆಯದು ಬೇಡ, ಬಾಕ್ಸಿನ ನಡುಕ, ಸದ್ದು ಎಲ್ಲ ಕೈಗೆ ಬರುತ್ತದೆ. ಲಿಥಿಯಂ ಗ್ರೀಸ್ ತೆಳ್ಳಗೆ ಸವರಿ, ಮುಚ್ಚಳ ಒತ್ತಿ ಬಲಕ್ಕೆ ತಿರುವಿ. ಅದು ಪೂರ್ತಿ ಕಚ್ಚಿಕೊಳ್ಳದಿದ್ದರೆ ಓಡುವ ಗಾಡಿಯಲ್ಲಿ ರಾಡ್ ಕೈಗೇ ಬಂದೀತು. ಬೂಟು ಕೂರಿಸುವ ಮೊದಲು ಎಂಜಿನ್ ಬಂದ್ ಇರುವಾಗಲೇ ರಿವರ್ಸ್ ಸೇರಿ ಎಲ್ಲ ಗೇರ್ ಹಾಕಿ ನೋಡಿ. ಹರಿದ ಒಳಬೂಟನ್ನು ಮಾತ್ರ ಮತ್ತೆ ಹಾಕಬೇಡಿ, ಹೊಸ ಸೀಟನ್ನು ತಿನ್ನುವುದು ಆ ಹರಕಿನಿಂದ ಇಳಿದ ಧೂಳೇ.

ಇಷ್ಟಾದ ಮೇಲೂ ಇಳಿಜಾರಿನಲ್ಲಿ ಗೇರ್ ತಾನಾಗಿ ಕಳಚಿದರೆ, ತೊಂದರೆ ಬಾಕ್ಸಿನೊಳಗೆ ಗೇರನ್ನು ಜಾಗದಲ್ಲಿ ಹಿಡಿದಿಡುವ ಲಾಕ್ ಸ್ಪ್ರಿಂಗ್, ಬಾಲ್ ಇಲ್ಲವೇ ಗೇರ್ ಸರಿಸುವ ಫೋರ್ಕಿನದು. ಆಗ ಬಾಕ್ಸ್ ಇಳಿಸಿ.