ಇಂಗ್ಲಿಷ್ ವಾಕ್ಯದಲ್ಲಿ ಈ ವಿವರಣೆ ಯಾವ ನಾಮಪದಕ್ಕೆ ಸೇರಿದ್ದು? ಹುಡುಕೋದು ಹೀಗೆ

ಕನ್ನಡದಲ್ಲಿ ನಾವು "ನಿನ್ನೆ ಮನೆಗೆ ಬಂದಿದ್ದ ಹುಡುಗ" ಅಂತೀವಿ, ವಿವರಣೆ ಮೊದಲು, ಹುಡುಗ ಆಮೇಲೆ. ಇಂಗ್ಲಿಷಲ್ಲಿ ಇದು ಉಲ್ಟಾ, ಮೊದಲು ಹುಡುಗ ಅಂತ ಹೇಳಿಬಿಟ್ಟು ಆಮೇಲೆ ಹೂ, ವಿಚ್, ದಟ್, ವಿತ್ ಅಂತ ಏನೋ ಒಂದು ಹಚ್ಚಿ ವಿವರಣೆ ಕೊಡ್ತಾರೆ. ಒಂದೇ ನಾಮಪದ ಇದ್ರೆ ಏನೂ ತೊಂದರೆ ಇಲ್ಲ, ಆದ್ರೆ ಎರಡು ಮೂರು ನಾಮಪದ ಸಾಲಾಗಿ ಬಂದು ಆಮೇಲೆ ವಿವರಣೆ ಬಂತು ಅಂದ್ರೆ ಅದು ಯಾರ ಬಗ್ಗೆ ಅಂತ ಗೊತ್ತಾಗಲ್ಲ. ಬ್ಯಾಂಕ್ ಎಕ್ಸಾಮ್, ಎಸ್‌ಎಸ್‌ಸಿಗೆ ಓದ್ತಿರೋರಿಗೆ ಎರರ್ ಹುಡುಕೋ ಪ್ರಶ್ನೆಗಳಲ್ಲಿ ಇದು ಬರ್ತಾನೇ ಇರುತ್ತೆ.

"ಹತ್ತಿರದ ನಾಮಪದಕ್ಕೆ ಸೇರಿಸಿ" ಅಂತ ತುಂಬಾ ಕಡೆ ಹೇಳಿಕೊಡ್ತಾರೆ. ಶುರು ಮಾಡೋಕೆ ಅದು ಸರಿ, ಆದ್ರೆ ಅಲ್ಲೇ ನಿಂತುಬಿಡಬೇಡಿ. ಈ ವಾಕ್ಯ ನೋಡಿ: "ದ ಬಾಕ್ಸ್ ಆಫ್ ಬುಕ್ಸ್ ದಟ್ ವಾಸ್ ಆನ್ ದ ಟೇಬಲ್ ಈಸ್ ಮೈನ್." ಹತ್ತಿರ ಇರೋದು ಬುಕ್ಸ್, ಆದ್ರೆ ದಟ್ ಆದ್ಮೇಲೆ ಬಂದಿರೋದು ವಾಸ್, ಅಂದ್ರೆ ಏಕವಚನ, ಹಾಗಾಗಿ ಟೇಬಲ್ ಮೇಲಿದ್ದಿದ್ದು ಬಾಕ್ಸು. ವಾಸ್ ತೆಗೆದು ವರ್ ಹಾಕಿದ್ರೆ ಟೇಬಲ್ ಮೇಲಿದ್ದಿದ್ದು ಪುಸ್ತಕಗಳು ಅಂತ ಅರ್ಥ. ಅದಕ್ಕೇ ನಾನು ಹೇಳೋದು, ಮೊದಲು ವಿವರಣೆಯೊಳಗಿನ ಕ್ರಿಯಾಪದ ನೋಡಿ. ಅದು ಫೆಲ್, ಕೇಮ್ ತರ ಎರಡು ವಚನಕ್ಕೂ ಒಂದೇ ರೂಪದಲ್ಲಿದ್ರೆ, ಇಲ್ಲಾ ಎರಡು ನಾಮಪದವೂ ಒಂದೇ ವಚನದಲ್ಲಿದ್ರೆ ಈ ಸುಳಿವು ಸಿಗಲ್ಲ.

ಆಗ ಹೂ ಇದೆಯಾ ವಿಚ್ ಇದೆಯಾ ನೋಡಿ. "ದ ಓನರ್ ಆಫ್ ದ ಶಾಪ್ ಹೂ..." ಅಂದ್ರೆ ಓನರ್ರೇ, ವಿಚ್ ಇದ್ರೆ ಅಂಗಡಿ. ದಟ್ ಇದ್ರೆ ಈ ಸಹಾಯ ಇಲ್ಲ, ಅದು ಮನುಷ್ಯರಿಗೂ ಬರುತ್ತೆ ವಸ್ತುವಿಗೂ ಬರುತ್ತೆ.

ಎಕ್ಸಾಮ್‌ನಲ್ಲಿ ಪದೇ ಪದೇ ಕೇಳೋದು ಒನ್ ಆಫ್ ಇರೋ ವಾಕ್ಯ. "ಹಿ ಈಸ್ ಒನ್ ಆಫ್ ದೋಸ್ ಬಾಯ್ಸ್ ಹೂ ವರ್ಕ್ ಹಾರ್ಡ್." ಕಷ್ಟಪಡೋ ಹುಡುಗರ ಒಂದು ಗುಂಪಿದೆ, ಇವನು ಅವರಲ್ಲಿ ಒಬ್ಬ, ವಿವರಣೆ ಇಡೀ ಗುಂಪಿಗೆ ಸೇರಿದ್ದು, ಅದಕ್ಕೆ ವರ್ಕ್. ಅದೇ "ದ ಓನ್ಲಿ ಒನ್ ಆಫ್ ದ ಬಾಯ್ಸ್ ಹೂ ವರ್ಕ್ಸ್ ಹಾರ್ಡ್" ಅಂದಾಗ ಕಷ್ಟಪಡೋನು ಇವನೊಬ್ಬನೇ, ಅದಕ್ಕೆ ವರ್ಕ್ಸ್. ಮಾಮೂಲಿ ಮಾತಲ್ಲಿ ಇಂಗ್ಲಿಷ್‌ನವರೇ ಮೊದಲನೇದಕ್ಕೂ ವರ್ಕ್ಸ್ ಅಂದುಬಿಡ್ತಾರೆ, ಆದ್ರೆ ಎಕ್ಸಾಮ್‌ಗೆ ಈ ವ್ಯತ್ಯಾಸ ಹಿಡ್ಕೊಳ್ಳಿ.

ಇನ್ನು ಕಾಮಾ. "ದ ಮ್ಯಾನೇಜರ್ ಸ್ಪೋಕ್ ಟು ದ ಕ್ಲರ್ಕ್ ಸ್ಟ್ಯಾಂಡಿಂಗ್ ನಿಯರ್ ದ ಡೋರ್" ಅಂದ್ರೆ ಬಾಗಿಲ ಹತ್ರ ನಿಂತಿರೋದು ಕ್ಲರ್ಕ್. ಕ್ಲರ್ಕ್ ಆದ್ಮೇಲೆ ಒಂದು ಕಾಮಾ ಹಾಕಿ, ಈಗ ಸಾಮಾನ್ಯವಾಗಿ ಮ್ಯಾನೇಜರ್ ಬಾಗಿಲ ಹತ್ರ ನಿಂತುಕೊಂಡು ಮಾತಾಡಿದ್ರು ಅಂತ ಓದ್ಕೋತಾರೆ. ಇನ್ನೊಂದು, ಕಾಮಾ ಆದ್ಮೇಲೆ ವಿಚ್ ಬಂದ್ರೆ ಅದು ಒಂದೊಂದು ಸಲ ಯಾವ ನಾಮಪದಕ್ಕೂ ಸೇರಲ್ಲ: "ಹಿ ಫೇಲ್ಡ್ ದ ಎಕ್ಸಾಮ್, ವಿಚ್ ಸರ್‌ಪ್ರೈಸ್ಡ್ ಎವ್ರಿಒನ್." ಎಲ್ಲರಿಗೂ ಆಶ್ಚರ್ಯ ಆಗಿದ್ದು ಅವನು ಫೇಲ್ ಆದ ವಿಷಯಕ್ಕೆ.

ವಾಕ್ಯದ ಶುರುವಲ್ಲೇ ಐಎನ್‌ಜಿ ಬಂದು ಕಾಮಾ ಬಿದ್ರೆ, ಕಾಮಾ ಆದ್ಮೇಲೆ ಬರೋ ಕರ್ತೃವೇ ಆ ಕೆಲಸ ಮಾಡಿರಬೇಕು. "ವಾಕಿಂಗ್ ಟು ದ ಬಸ್ ಸ್ಟಾಪ್, ದ ರೇನ್ ಡ್ರೆಂಚ್ಡ್ ಮಿ" ಅಂದ್ರೆ ಮಳೆ ಬಸ್ ಸ್ಟಾಪ್‌ಗೆ ನಡ್ಕೊಂಡು ಹೋಯ್ತು ಅಂತಾಗುತ್ತೆ, ಎರರ್ ಅಲ್ಲೇ ಇದೆ.

ನಾಮಪದಗಳ ಪಟ್ಟಿ ಬಂದಾಗಂತೂ ಜಡ್ಜ್‌ಗಳಲ್ಲೇ ಒಮ್ಮತ ಬರಲ್ಲ. 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಲಾಕ್‌ಹಾರ್ಟ್ ಕೇಸ್ ಬಂತು. ಕಾನೂನಿನಲ್ಲಿ ಮೂರು ತರದ ಲೈಂಗಿಕ ಅಪರಾಧಗಳನ್ನ ಸಾಲಾಗಿ ಹೇಳಿ ಕೊನೇಲಿ "ಇನ್ವಾಲ್ವಿಂಗ್ ಎ ಮೈನರ್ ಆರ್ ವಾರ್ಡ್" (ಅಪ್ರಾಪ್ತರಿಗೆ ಇಲ್ಲಾ ಇನ್ನೊಬ್ಬರ ಸುಪರ್ದಿಯಲ್ಲಿರೋರಿಗೆ ಸಂಬಂಧಿಸಿದ) ಅಂತ ಇತ್ತು. ಈ ಹಿಂದೆ ಅಂಥ ಅಪರಾಧದಲ್ಲಿ ಶಿಕ್ಷೆ ಆಗಿದ್ರೆ ಹೊಸ ಕೇಸ್‌ನಲ್ಲಿ ಕನಿಷ್ಠ 10 ವರ್ಷ ಜೈಲು. ಆರೋಪಿ ಲಾಕ್‌ಹಾರ್ಟ್‌ನ ಹಳೇ ಕೇಸ್‌ನಲ್ಲಿ ಸಂತ್ರಸ್ತೆ ವಯಸ್ಕ ಮಹಿಳೆ, ಹಾಗಾಗಿ ಆ ಮೈನರ್ ಅನ್ನೋ ತುಂಡು ಮೂರಕ್ಕೂ ಸೇರಿದ್ರೆ ಅವನಿಗೆ ಆ 10 ವರ್ಷದ ಲೆಕ್ಕ ಬರಲ್ಲ, ಕೊನೇದಕ್ಕೆ ಮಾತ್ರ ಸೇರಿದ್ರೆ ಬರುತ್ತೆ. ಆರು ಜಡ್ಜ್‌ಗಳು ಕೊನೇದಕ್ಕೆ ಮಾತ್ರ ಅಂದ್ರು, ಸೋಟೊಮಯೋರ್ ತೀರ್ಪು ಬರೆದ್ರು, ಕೇಗನ್ ಮತ್ತು ಬ್ರಯರ್ ಇಬ್ಬರು ಇಲ್ಲ, ಓದೋರಿಗೆ ಸಹಜವಾಗಿ ಅನ್ಸೋದು ಮೂರಕ್ಕೂ ಸೇರುತ್ತೆ ಅಂತ ಅಂದ್ರು. ನನಗೆ ಕೇಗನ್ ಮಾತೇ ಸರಿ ಅನ್ಸುತ್ತೆ, ಒಂದೇ ಜಾತಿಯ ಪದಗಳು ಸಾಲಾಗಿ ಬಂದಾಗ ಕೊನೇ ವಿವರಣೆನ ನಾವು ಎಲ್ಲದಕ್ಕೂ ಹಚ್ಚಿಯೇ ಓದೋದು.

ಇಷ್ಟೆಲ್ಲ ನೋಡಿದ್ಮೇಲೂ ಎರಡು ಅರ್ಥ ಉಳಿಯೋ ವಾಕ್ಯಗಳಿವೆ. "ದ ಡಾಟರ್ ಆಫ್ ದ ಟೀಚರ್ ಹೂ ಲಿವ್ಸ್ ಇನ್ ಧಾರವಾಡ" ಅಂದಾಗ ಧಾರವಾಡದಲ್ಲಿರೋದು ಟೀಚರ್ರಾ ಮಗಳಾ ಅಂತ ಯಾವ ಗ್ರಾಮರೂ ಹೇಳಲ್ಲ, ಕನ್ನಡದಲ್ಲಿ "ಧಾರವಾಡದಲ್ಲಿರೋ ಮೇಷ್ಟ್ರ ಮಗಳು" ಅಂದ್ರೂ ಅದೇ ಗೊಂದಲ. ಓದ್ತಿದ್ರೆ ಹಿಂದಿನ ಮುಂದಿನ ವಾಕ್ಯ ನೋಡಿ, ಮಗಳ ವಿಳಾಸದ ಮಾತು ನಡೀತಿದ್ರೆ ಮಗಳೇ. ನೀವೇ ಬರೀತಿದ್ರೆ "ದ ಟೀಚರ್ಸ್ ಡಾಟರ್, ಹೂ ಲಿವ್ಸ್ ಇನ್ ಧಾರವಾಡ" ಅಂತ ಮಾಡಿ, ಆಗ ಹೂ ಪಕ್ಕದಲ್ಲಿ ಮಗಳೇ ಇರ್ತಾಳೆ.